ಬೆಳಕಿನ ಸ್ವರೂಪ: ಒಂದು ಜಗಳ, ಮೂರು ಪ್ರಶ್ನೆ

ನಾಗಪುರದ ಗಾಂಧಿಸಾಗರ ಕೆರೆಯ ಎದುರಿಗೆ ರಾಮನ್ ವಿಜ್ಞಾನ ಕೇಂದ್ರವಿದೆ. 1992ರಲ್ಲಿ ತೆರೆದ ಈ ಕೇಂದ್ರ ಯಾರ ಹೆಸರು ಹೊತ್ತಿದೆಯೋ ಆ ಸಿ. ವಿ. ರಾಮನ್ ಒಂದು ಕಾಲಕ್ಕೆ ಇದೇ ಊರಿನಲ್ಲಿ ನೌಕರಿ ಮಾಡಿದವರು. ಹಣಕಾಸು ಇಲಾಖೆಯ ಅಧಿಕಾರಿಯಾಗಿ 1910ರಲ್ಲಿ ರಂಗೂನಿನಿಂದ ವರ್ಗವಾಗಿ ಬಂದರು, 1911ರಲ್ಲಿ ಕಲ್ಕತ್ತೆಗೆ ಹೋದರು. ಆಯತಾಕಾರದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುವ ಬಗೆಯ ಮೇಲೆ ಅವರು ಮೊದಲ ಪ್ರಬಂಧ ಪ್ರಕಟಿಸಿದ್ದು 1906ರಲ್ಲಿ, ಹದಿನೆಂಟನೆಯ ವಯಸ್ಸಿಗೆ. ನಾಗಪುರಕ್ಕೆ ಬರುವ ಹೊತ್ತಿಗೆ ಅವರು ಮಾಡಿದ್ದ ಕೆಲಸದ ಬಹುಪಾಲು ಅಲೆಗಳ ಕುರಿತದ್ದೇ.

ನಾಗಪುರ ವಿಶ್ವವಿದ್ಯಾಲಯ ಹುಟ್ಟಿದ್ದು 1923ರ ಆಗಸ್ಟ್ 4ರಂದು. ಅದೇ ವರ್ಷ ಅಮೆರಿಕದ ಆರ್ಥರ್ ಕಾಂಪ್ಟನ್, ಎಕ್ಸ್-ಕಿರಣ ಎಲೆಕ್ಟ್ರಾನಿಗೆ ಕಣದಂತೆ ಡಿಕ್ಕಿ ಹೊಡೆಯುತ್ತದೆ ಎಂದು ತೋರಿಸಿದ. ಫ್ರಾನ್ಸಿನ ಲೂಯಿ ದ ಬ್ರಾಯ್ ಕಣಕ್ಕೂ ಅಲೆಯಿದೆ ಎಂದು ಬರೆದ. ವಿಶ್ವವಿದ್ಯಾಲಯಕ್ಕೆ ನೂರು ತುಂಬುವ ವರ್ಷ, 2023ರ ಜನವರಿಯಲ್ಲಿ, 108ನೆಯ ಭಾರತೀಯ ವಿಜ್ಞಾನ ಕಾಂಗ್ರೆಸ್ ಅಲ್ಲಿಯೇ ನಡೆಯಿತು. ಈ ನೂರು ವರ್ಷಗಳಲ್ಲಿ ಬೆಳಕಿನ ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಬೆಳಕು ಏನು ಎಂಬ ಜಗಳ ಮುಗಿದೂ ಇಲ್ಲ.

ನನಗೆ ತೋರುವಂತೆ ಇದಕ್ಕೆ ಕಾರಣ, ಮೂರು ಬೇರೆ ಪ್ರಶ್ನೆಗಳನ್ನು ನಾವು ಒಂದೇ ಪ್ರಶ್ನೆಯಾಗಿ ಕೇಳುತ್ತಿರುವುದು. ಬೆಳಕು ಹೇಗೆ ಸಾಗುತ್ತದೆ? ವಸ್ತುವಿನೊಡನೆ ಶಕ್ತಿಯನ್ನು ಹೇಗೆ ಕೊಟ್ಟು ತೆಗೆದುಕೊಳ್ಳುತ್ತದೆ? ಹೊರಟ ಕ್ಷಣಕ್ಕೂ ತಲುಪಿದ ಕ್ಷಣಕ್ಕೂ ನಡುವೆ ನಿಜವಾಗಿ ಇರುವುದು ಏನು? ಮೊದಲ ಎರಡಕ್ಕೆ ಪ್ರಯೋಗ ಉತ್ತರ ಕೊಟ್ಟಿದೆ. ಪಂಥಗಳು ಹುಟ್ಟಿದ್ದು ಮೂರನೆಯದರಲ್ಲಿ. ಈ ವಿಂಗಡಣೆಯನ್ನು ಕೈಯಲ್ಲಿ ಹಿಡಿದು ಹೊರಟರೆ ಚರ್ಚೆಯ ಇಡೀ ನಕ್ಷೆ ಸ್ಪಷ್ಟವಾಗುತ್ತದೆ.

ಕಣದಿಂದ ಅಲೆಗೆ

ಹಾಲೆಂಡಿನ ಹೈಗೆನ್ಸ್ 1690ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೆಳಕನ್ನು ಅಲೆಯೆಂದ. 1704ರಲ್ಲಿ ತನ್ನ ದೃಗ್ವಿಜ್ಞಾನದ ಗ್ರಂಥ ಹೊರತಂದ ನ್ಯೂಟನ್ ಕಣಗಳ ಕಡೆ ವಾಲಿದ. ಬೆಳಕು ನೇರ ಗೆರೆಯಲ್ಲಿ ಹೋಗುವುದೂ ಚೂಪಾದ ನೆರಳು ಬೀಳುವುದೂ ಕಣವಾದಕ್ಕೆ ಸುಲಭವಾಗಿ ಒಗ್ಗುತ್ತಿದ್ದವು. ಆದರೆ ತೆಳುವಾದ ಪದರಗಳಲ್ಲಿ ಕಾಣುವ ಬಣ್ಣದ ಉಂಗುರಗಳನ್ನು ವಿವರಿಸಲು ನ್ಯೂಟನ್ ತನ್ನ ಕಣಗಳಿಗೂ ಒಂದು ಬಗೆಯ ಆವರ್ತನವನ್ನು ಆರೋಪಿಸಬೇಕಾಯಿತು. ಶುದ್ಧ ಕಣವಾದ ಅವನ ಕೈಯಲ್ಲಿಯೂ ಪೂರ್ತಿ ನಿಲ್ಲಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಥಾಮಸ್ ಯಂಗ್ ವ್ಯತಿಕರಣವನ್ನು ತೋರಿಸಿದ: ಎರಡು ಬೆಳಕು ಕೂಡಿ ಕತ್ತಲೆಯಾಗಬಹುದು. 1818ರಲ್ಲಿ ಫ್ರೆನೆಲ್ ಪ್ಯಾರಿಸ್ಸಿನ ಅಕಾಡೆಮಿಗೆ ಅಲೆಯ ಗಣಿತವನ್ನು ಒಪ್ಪಿಸಿದಾಗ, ತೀರ್ಪುಗಾರರಲ್ಲಿ ಒಬ್ಬನಾದ ಪ್ವಾಸೋನ್ ಅದನ್ನು ಬೀಳಿಸಲೆಂದೇ ಒಂದು ಪರಿಣಾಮವನ್ನು ಲೆಕ್ಕ ಹಾಕಿದ. ಈ ವಾದ ನಿಜವಾದರೆ ದುಂಡು ಬಿಲ್ಲೆಯ ನೆರಳಿನ ನಟ್ಟನಡುವೆ ಬೆಳಕಿನ ಚುಕ್ಕೆ ಇರಬೇಕು. ಅರಾಗೋ ಪರೀಕ್ಷಿಸಿ ನೋಡಿದ, ಚುಕ್ಕೆ ಇತ್ತು. 1850ರಲ್ಲಿ ಫೂಕೋ ಬೆಳಕು ಗಾಳಿಗಿಂತ ನೀರಿನಲ್ಲಿ ನಿಧಾನವೆಂದು ಅಳೆದ. ನ್ಯೂಟನ್ನನ ಲೆಕ್ಕದಂತೆ ಅದು ವೇಗವಾಗಬೇಕಿತ್ತು. 1865ರಲ್ಲಿ ಮ್ಯಾಕ್ಸ್‌ವೆಲ್ ಆ ಅಲೆ ವಿದ್ಯುತ್ಕಾಂತೀಯವೆಂದು ತೋರಿಸಿದ ಮೇಲೆ ಮೊದಲ ಪ್ರಶ್ನೆ ಇತ್ಯರ್ಥವಾಯಿತು. ಬೆಳಕು ಅಲೆಯಾಗಿ ಸಾಗುತ್ತದೆ ಎಂಬ ತೀರ್ಪನ್ನು ಆಮೇಲಿನ ಯಾವ ಪ್ರಯೋಗವೂ ತಿರುಗಿಸಿಲ್ಲ.

ಕಣ ಮರಳಿ ಬಂತು

ಬಿರುಕು ಕಂಡದ್ದು ಎರಡನೆಯ ಪ್ರಶ್ನೆಯಲ್ಲಿ. ಕಾದ ವಸ್ತು ಸೂಸುವ ಬೆಳಕಿನ ಲೆಕ್ಕ ಸರಿಹೋಗಲು 1900ರಲ್ಲಿ ಪ್ಲಾಂಕ್ ಶಕ್ತಿಯನ್ನು ಕಂತುಗಳಾಗಿ ಒಡೆದ. 1905ರಲ್ಲಿ ಐನ್‌ಸ್ಟೈನ್ ಕಂತು ಬೆಳಕಿನಲ್ಲಿಯೇ ಇದೆ ಎಂದ. ರಂಗೂನಿನಲ್ಲಿ ರಾಮನ್ ನೋಡಿಕೊಳ್ಳುತ್ತಿದ್ದದ್ದು ನೋಟಿನ ಕಚೇರಿ. ಬೆಳಕಿನ ವ್ಯವಹಾರವೂ ಅಂಥದೇ. ನೋಟನ್ನು ಹರಿದು ಅರ್ಧ ಕೊಡುವ ಹಾಗಿಲ್ಲ, ಕೊಟ್ಟರೆ ಇಡಿಯಾಗಿ ಕೊಡಬೇಕು. ಒಂದೊಂದು ನೋಟಿನ ಬೆಲೆಯನ್ನು ನಿರ್ಧರಿಸುವುದು ಬೆಳಕಿನ ಆವೃತ್ತಿ. ಲೋಹದಿಂದ ಬೆಳಕು ಕೀಳುವ ಎಲೆಕ್ಟ್ರಾನಿನ ಶಕ್ತಿ ಬೆಳಕಿನ ಪ್ರಖರತೆಯನ್ನು ಅನುಸರಿಸದೆ ಬಣ್ಣವನ್ನು ಅನುಸರಿಸುವುದು ಇದರಿಂದ ಅರ್ಥವಾಯಿತು. ಮಿಲಿಕನ್ ವರ್ಷಗಟ್ಟಲೆ ಅಳೆದು 1916ರಲ್ಲಿ ಐನ್‌ಸ್ಟೈನನ ಸಮೀಕರಣ ಸರಿಯೆಂದು ಸಾಬೀತು ಮಾಡಿದ. ಅದರ ಹಿಂದಿನ ಕಣದ ಕಲ್ಪನೆಯನ್ನು ಮಾತ್ರ ಆಗ ಒಪ್ಪಲಿಲ್ಲ.

ಒಪ್ಪದವರ ಸಂಖ್ಯೆ ಕುಗ್ಗಿದ್ದು ಕಾಂಪ್ಟನ್‌ನಿಂದ. 90 ಡಿಗ್ರಿ ಕೋನದಲ್ಲಿ ಚದುರಿದ ಎಕ್ಸ್-ಕಿರಣದ ತರಂಗಾಂತರ 2.43 ಪಿಕೋಮೀಟರ್ ಹೆಚ್ಚುತ್ತದೆ. ಎರಡು ಗೋಲಿಗಳ ಡಿಕ್ಕಿಗೆ ಬಳಸುವ ಶಕ್ತಿ-ಸಂವೇಗಗಳ ಲೆಕ್ಕವೇ ಈ ಅಂಕಿಯನ್ನು ಕೊಡುತ್ತದೆ. 1924ರಲ್ಲಿ ಬೋರ್, ಕ್ರಾಮರ್ಸ್ ಮತ್ತು ಸ್ಲೇಟರ್ ಕೊನೆಯ ಪ್ರಯತ್ನ ಮಾಡಿದರು: ಒಂದೊಂದು ಘಟನೆಯಲ್ಲಿ ಶಕ್ತಿ ಸಂರಕ್ಷಣೆ ಆಗಬೇಕಿಲ್ಲ, ಸರಾಸರಿಯಲ್ಲಿ ಆದರೆ ಸಾಕು ಎಂದರು. 1925ರಲ್ಲಿ ಬೋಥೆ ಮತ್ತು ಗೈಗರ್, ಚದುರಿದ ಕಿರಣವೂ ಎಲೆಕ್ಟ್ರಾನೂ ಜೊತೆಜೊತೆಯಾಗಿಯೇ ಹೊರಬೀಳುತ್ತವೆಂದು ತೋರಿಸಿದಾಗ ಆ ವಾದ ಬಿದ್ದುಹೋಯಿತು.

ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಈ ನಡುವೆ, 1924ರಲ್ಲಿ, ಅಲೆಯ ಸಿದ್ಧಾಂತದ ನೆರವೇ ಇಲ್ಲದೆ ಪ್ಲಾಂಕನ ನಿಯಮವನ್ನು ಪಡೆದರು. ಅವರು ಎಣಿಸಿದ ರೀತಿಯಲ್ಲಿ ಬೆಳಕಿನ ಎರಡು ಕಣಗಳಿಗೆ ಬೇರೆ ಬೇರೆ ಗುರುತಿಲ್ಲ. ಅದಲುಬದಲು ಮಾಡಿದರೆ ಹೊಸ ಸ್ಥಿತಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಮರಳಿ ಬಂದದ್ದು ನ್ಯೂಟನ್ನನ ಕಣವಲ್ಲ. ಇಂದಿಗೂ ಫೋಟಾನನ್ನು ಪುಟ್ಟ ಗುಂಡಿನಂತೆ ಊಹಿಸಿಕೊಳ್ಳುವವರು ಎಡವುವುದು ಇಲ್ಲಿಯೇ.

ರಾಮನ್ ನಡೆದ ದಾರಿ

ರಾಮನ್ ಈ ಚರ್ಚೆಯ ಒಳಗೇ ಇದ್ದವರು. 1924ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸಭೆಯಲ್ಲಿ ಕಾಂಪ್ಟನ್‌ಗೂ ಹಾರ್ವರ್ಡ್‌ನ ವಿಲಿಯಂ ಡ್ಯುವೇನ್‌ಗೂ ವಾಗ್ವಾದ ನಡೆದಾಗ ಅವರು ಅಲ್ಲಿದ್ದರು. ಅವರ ಒಲವು ಅಲೆಯ ಕಡೆಗೆ. 1927ರ ಕೊನೆಯಲ್ಲಿ ಕಾಂಪ್ಟನ್ ಪರಿಣಾಮವನ್ನು ಹಳೆಯ ಅಲೆಯ ಭೌತವಿಜ್ಞಾನದಿಂದಲೇ ಪಡೆಯಲು ಯತ್ನಿಸಿದರು. ಕೆಲವೇ ತಿಂಗಳಲ್ಲಿ, 1928ರ ಫೆಬ್ರವರಿ 28ರಂದು, ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ ಜೊತೆಗೂಡಿ ಅವರು ಕಂಡದ್ದನ್ನು ಕಾಂಪ್ಟನ್ ಪರಿಣಾಮದ ದೃಗ್ಗೋಚರ ರೂಪವೆಂದೇ ಜಗತ್ತಿಗೆ ತಿಳಿಸಿದರು. ಆ ಹೊಸ ವಿಕಿರಣದ ಮೇಲೆ ಅವರು ವಿವರವಾದ ಉಪನ್ಯಾಸ ಕೊಟ್ಟದ್ದು ಮಾರ್ಚ್ 16ರಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ಆ ಪ್ರಯೋಗವನ್ನು ಹತ್ತಿರದಿಂದ ನೋಡೋಣ. ಪಾದರಸದ ದೀಪದ ನೀಲಿ ಗೆರೆಯ ತರಂಗಾಂತರ 435.8 ನ್ಯಾನೋಮೀಟರ್. ಅದು ಬೆಂಜೀನಿನ ಮೂಲಕ ಹಾಯ್ದಾಗ ಚದುರಿದ ಬೆಳಕಿನಲ್ಲಿ ಮೂಲ ಗೆರೆಯ ಜೊತೆಗೆ, ಸುಮಾರು 455.5 ನ್ಯಾನೋಮೀಟರಿನಲ್ಲಿ ಮಸುಕಾದ ಹೊಸ ಗೆರೆ ಕಾಣಿಸುತ್ತದೆ. ಕಣದ ವಿವರಣೆ ನೇರವಾಗಿದೆ: ಫೋಟಾನ್ ತನ್ನ ಶಕ್ತಿಯ ಒಂದು ಪಾಲನ್ನು ಅಣುವಿನ ಕಂಪನಕ್ಕೆ ಕೊಟ್ಟು ಕಡಿಮೆ ಶಕ್ತಿಯೊಡನೆ ಹೊರಟಿತು. ಅಲೆಯ ವಿವರಣೆಯೂ ಇದೆ: ಕಂಪಿಸುವ ಅಣು ತಾನು ಚದುರಿಸುವ ಬೆಳಕನ್ನು ತನ್ನ ಲಯದಲ್ಲಿ ಏರಿಳಿಸುವುದರಿಂದ ಮೂಲ ಗೆರೆಯ ಎರಡೂ ಬದಿಗೆ ಹೊಸ ಆವೃತ್ತಿಗಳು ಹುಟ್ಟುತ್ತವೆ. ಹಾಗಿದ್ದರೆ ಎರಡು ಬದಿಯ ಗೆರೆಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಆದರೆ ಕೋಣೆಯ ಉಷ್ಣತೆಯಲ್ಲಿ ಹೆಚ್ಚು ಶಕ್ತಿಯ ಬದಿಯ ಗೆರೆ ಇನ್ನೊಂದರ ನೂರರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಏಕೆಂದರೆ ಬೆಳಕಿಗೆ ಶಕ್ತಿ ಕೊಡಬೇಕಾದರೆ ಅಣು ಮೊದಲೇ ಕಂಪನದ ಮೇಲಿನ ಮೆಟ್ಟಿಲಲ್ಲಿರಬೇಕು. ಅಂಥ ಅಣುಗಳು ಬಹಳ ಕಡಿಮೆ. ಮೆಟ್ಟಿಲುಗಳಿಲ್ಲದ ಹಳೆಯ ಭೌತವಿಜ್ಞಾನ ಇಲ್ಲಿ ಸೋಲುತ್ತದೆ.

1931ರಲ್ಲಿ ರಾಮನ್ ಮತ್ತು ಎಸ್. ಭಗವಂತಂ, ಚದುರಿದ ಬೆಳಕಿನ ಧ್ರುವೀಕರಣವನ್ನು ಆಧರಿಸಿ ಫೋಟಾನಿಗೆ ಒಂದು ಘಟಕದಷ್ಟು ಸ್ಪಿನ್ (ಒಳಗಿನ ಕೋನೀಯ ಸಂವೇಗ) ಇದೆ ಎಂದು ವಾದಿಸಿದರು. ಬೆಳಕಿನ ಕೋನೀಯ ಸಂವೇಗವನ್ನು ರಿಚರ್ಡ್ ಬೆತ್ ನೇರವಾಗಿ ಅಳೆದದ್ದು 1936ರಲ್ಲಿ. ಅಲೆಯಿಂದ ಹೊರಟವರು ಕಣದ ಒಳಗುಣವನ್ನು ಹುಡುಕುವಲ್ಲಿಗೆ ಬಂದಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ನಾಗೇಂದ್ರನಾಥರೊಡನೆ ಮಾಡಿದ, ಶ್ರವಣಾತೀತ ಶಬ್ದವಿರುವ ದ್ರವದಲ್ಲಿ ಬೆಳಕು ಹರಡುವ ಕುರಿತ ಪ್ರಸಿದ್ಧ ಕೆಲಸ ಮತ್ತೆ ಸಂಪೂರ್ಣ ಅಲೆಯದೇ. ಯಾವ ಪ್ರಶ್ನೆಗೆ ಯಾವ ಭಾಷೆ ಬೇಕೆಂಬುದನ್ನು ಅವರ ಪ್ರಯೋಗಗಳೇ ಹೇಳಿದವು.

ಒಂದೇ ಒಂದು ಫೋಟಾನ್

ಎರಡು ಮುಖಗಳೂ ಒಟ್ಟಿಗೆ ಕಾಣುವುದು ಬೆಳಕನ್ನು ತೀರ ಕ್ಷೀಣಗೊಳಿಸಿದಾಗ. ಕೆಂಪು ಲೇಸರ್ ಪಾಯಿಂಟರಿನ ದಾರಿಗೆ ತಲೆಗೂದಲೊಂದನ್ನು ಅಡ್ಡ ಹಿಡಿದರೆ ಗೋಡೆಯ ಮೇಲೆ ಬೆಳಕು-ಕತ್ತಲೆಯ ಸಾಲು ಮೂಡುತ್ತದೆ. ಕೂದಲಿನ ದಪ್ಪ 70 ಮೈಕ್ರೋಮೀಟರ್, ಗೋಡೆ 3 ಮೀಟರ್ ದೂರವಿದ್ದರೆ ಒಂದು ಕತ್ತಲೆಪಟ್ಟಿಯಿಂದ ಮುಂದಿನದಕ್ಕೆ ಸುಮಾರು 2.8 ಸೆಂಟಿಮೀಟರ್ ಅಂತರ. ಒಂದು ಮಿಲಿವ್ಯಾಟ್ ಪಾಯಿಂಟರ್ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಫೋಟಾನುಗಳನ್ನು ಸೂಸುತ್ತದೆ. ಆ 3 ಮೀಟರ್ ದಾರಿಯಲ್ಲಿ ಯಾವುದೇ ಕ್ಷಣದಲ್ಲಿ ಸರಾಸರಿ 3.3 ಕೋಟಿ ಫೋಟಾನುಗಳು ಇರುತ್ತವೆ. ಅವು ಒಂದಕ್ಕೊಂದು ತಾಕಿ ಸಾಲು ಕಟ್ಟಿರಬಹುದಲ್ಲವೇ ಎಂಬ ಅನುಮಾನ ಸಹಜ.

ಈ ಅನುಮಾನವನ್ನು ಮೊದಲು ಪರೀಕ್ಷಿಸಿದವನು ಜಿ. ಐ. ಟೇಲರ್. 1909ರಲ್ಲಿ ಅವನು ಗ್ಯಾಸ್ ಜ್ವಾಲೆಯ ಬೆಳಕನ್ನು ಮಸಿ ಹಿಡಿದ ಗಾಜಿನಿಂದ ಕುಗ್ಗಿಸಿ, ಸೂಜಿಯ ನೆರಳನ್ನು ಸುಮಾರು 2000 ಗಂಟೆಗಳ ಕಾಲ ಫೋಟೋ ತಟ್ಟೆಯ ಮೇಲೆ ಬೀಳಿಸಿದ. ಸಾಲುಗಳು ಮಸುಕಾಗಲಿಲ್ಲ. ಆದರೆ ಬೆಳಕನ್ನು ಕ್ಷೀಣಗೊಳಿಸಿದ ಮಾತ್ರಕ್ಕೆ ಫೋಟಾನುಗಳು ಒಂದೊಂದಾಗಿ ಬರುತ್ತವೆ ಎನ್ನಲಾಗದು. ಅಕಸ್ಮಾತ್ತಾಗಿ ಎರಡು ಕೂಡಿಯೂ ಬರಬಹುದು. ಆ ಕೊರತೆ ತುಂಬಿದ್ದು 1986ರಲ್ಲಿ, ಫ್ರಾನ್ಸಿನ ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಅವರಿಂದ. ಕ್ಯಾಲ್ಸಿಯಂ ಪರಮಾಣು ಬೆನ್ನುಬೆನ್ನಿಗೆ ಎರಡು ಫೋಟಾನುಗಳನ್ನು ಹೊರಹಾಕುತ್ತದೆ. ಮೊದಲನೆಯದು ಸುದ್ದಿ ಕೊಟ್ಟರೆ, ಎರಡನೆಯದು ಅರೆಗನ್ನಡಿಗೆ ಬರುತ್ತದೆ. ಅರೆಗನ್ನಡಿಯ ಎರಡು ಬದಿಯ ಪತ್ತೆಯಂತ್ರಗಳು ಒಟ್ಟಿಗೆ ಸದ್ದು ಮಾಡುವುದು, ಹಳೆಯ ಅಲೆಯ ಲೆಕ್ಕ ಅನುಮತಿಸುವ ಕನಿಷ್ಠಕ್ಕಿಂತಲೂ ಬಹಳ ಕಡಿಮೆಯಾಗಿತ್ತು. ಅಂದರೆ ಫೋಟಾನ್ ಒಡೆಯಲಿಲ್ಲ. ಅದೇ ಮೂಲವನ್ನು ಇಟ್ಟುಕೊಂಡು ಎರಡು ದಾರಿಗಳನ್ನು ಮತ್ತೆ ಕೂಡಿಸಿದಾಗ ವ್ಯತಿಕರಣ ಶೇ. 98ಕ್ಕಿಂತ ಹೆಚ್ಚು ಸ್ಪಷ್ಟವಾಗಿ ಮೂಡಿತು. ಅಂದರೆ ಎರಡು ದಾರಿಗಳೂ ಲೆಕ್ಕಕ್ಕೆ ಬಂದವು. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಹಿಡಿದಾಗ ಮೂರನೆಯ ಪ್ರಶ್ನೆ ತಪ್ಪಿಸಿಕೊಳ್ಳಲಾಗದ ಹಾಗೆ ಎದುರು ನಿಲ್ಲುತ್ತದೆ.

ಐದು ಪಂಥಗಳು

ಮೊದಲನೆಯದು ನೀಲ್ಸ್ ಬೋರ್ 1927ರ ಸೆಪ್ಟೆಂಬರಿನಲ್ಲಿ ಇಟಲಿಯ ಕೋಮೋದಲ್ಲಿ ಮಂಡಿಸಿದ ಪೂರಕತೆಯ ವಾದ. ಅಲೆ ಮತ್ತು ಕಣ ಒಂದನ್ನೊಂದು ಹೊರಗಿಡುವ ಚಿತ್ರಗಳು, ಆದರೆ ಎರಡೂ ಬೇಕು. ಯಾವುದು ಕಾಣುತ್ತದೆ ಎಂಬುದು ನಾವು ಜೋಡಿಸುವ ಉಪಕರಣವನ್ನು ಅವಲಂಬಿಸಿದೆ. ಗ್ರೀನ್‌ಬರ್ಗರ್ ಮತ್ತು ಯಾಸಿನ್ 1988ರಲ್ಲಿ, ಎಂಗ್ಲರ್ಟ್ 1996ರಲ್ಲಿ ಇದಕ್ಕೆ ಅಳತೆಯ ರೂಪ ಕೊಟ್ಟರು: ದಾರಿಯ ತಿಳಿವಿನ ವರ್ಗ ಮತ್ತು ಸಾಲಿನ ಸ್ಪಷ್ಟತೆಯ ವರ್ಗ ಕೂಡಿ ಒಂದನ್ನು ಮೀರಲಾರವು. ದಾರಿಯ ತಿಳಿವು 0.6 ಆದರೆ ಸ್ಪಷ್ಟತೆ ಹೆಚ್ಚೆಂದರೆ 0.8. ಫೋಟಾನ್ ಒಳಹೊಕ್ಕ ಮೇಲೆ ಉಪಕರಣವನ್ನು ಬದಲಿಸಿದರೆ ಏನಾದೀತು ಎಂದು ಜಾನ್ ವೀಲರ್ 1978ರಲ್ಲಿ ಕೇಳಿದ. 2007ರಲ್ಲಿ ಫ್ರಾನ್ಸಿನಲ್ಲಿ 48 ಮೀಟರ್ ಉದ್ದದ ಉಪಕರಣದಲ್ಲಿ ಅದನ್ನು ಮಾಡಿ ನೋಡಿದರು. ಕ್ವಾಂಟಮ್ ಲೆಕ್ಕವೇ ನಿಂತಿತು. ಬೋರ್ ಪಂಥದ ಬಲ ಅದರ ಎಚ್ಚರದಲ್ಲಿದೆ. ಮೂರನೆಯ ಪ್ರಶ್ನೆಯನ್ನು ಕೇಳುವುದೇ ಸಲ್ಲದು ಎನ್ನುವುದು ಅದರ ಮಿತಿ.

ಎರಡನೆಯದು ದ ಬ್ರಾಯ್ ಸೂಚಿಸಿ, ಡೇವಿಡ್ ಬೋಮ್ 1952ರಲ್ಲಿ ಪೂರ್ಣಗೊಳಿಸಿದ ವಾದ. ಕಣವೂ ನಿಜ, ಅಲೆಯೂ ನಿಜ. ಅಲೆ ಕಣಕ್ಕೆ ದಾರಿ ತೋರುತ್ತದೆ. ಎಲೆಕ್ಟ್ರಾನಿಗೆ ಇದು ಸೊಗಸಾಗಿ ಹೊಂದುತ್ತದೆ. ಬೆಳಕಿಗೆ ಬಂದಾಗ ತೊಡಕು, ಏಕೆಂದರೆ ಫೋಟಾನಿಗೆ ಇಂಥದೇ ಜಾಗವೆಂದು ನಿಗದಿಪಡಿಸುವ ಗಣಿತ ಸಾಪೇಕ್ಷತೆಯಲ್ಲಿ ಸರಿಯಾಗಿ ಸಿಗುವುದಿಲ್ಲ. ಬೋಮ್ ಕೂಡ ಬೆಳಕಿಗೆ ಕಣದ ಪಥವನ್ನು ಬಿಟ್ಟು ಕ್ಷೇತ್ರವನ್ನೇ ಹಿಡಿಯಬೇಕಾಯಿತು.

ಮೂರನೆಯದು ಹ್ಯೂ ಎವರೆಟ್ 1957ರಲ್ಲಿ ಹೇಳಿದ್ದು: ಅಳೆದಾಗಲೂ ಅಲೆ ಒಂದೇ ಫಲಿತಾಂಶಕ್ಕೆ ಕುಸಿಯುವುದಿಲ್ಲ, ಎಲ್ಲ ಫಲಿತಾಂಶಗಳೂ ಬೇರೆ ಬೇರೆ ಕವಲುಗಳಲ್ಲಿ ನಡೆಯುತ್ತವೆ. ಸಮೀಕರಣಕ್ಕೆ ಏನನ್ನೂ ಸೇರಿಸದಿರುವುದು ಇದರ ಗುಣ. ಎಲ್ಲವೂ ನಡೆಯುವುದಾದರೆ ಇದಕ್ಕೆ ಇಷ್ಟು ಸಂಭವನೀಯತೆ ಎನ್ನುವುದಕ್ಕೆ ಏನರ್ಥ ಎಂಬುದು ಇದರ ಮುಂದಿರುವ ಕಠಿಣ ಪ್ರಶ್ನೆ.

ನಾಲ್ಕನೆಯದು, ಬೆಳಕು ಅಲೆ ಮಾತ್ರ, ಕಂತುಗಳಿರುವುದು ವಸ್ತುವಿನಲ್ಲಿ ಎನ್ನುವ ವಾದ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೆಳಕು ಲೋಹದಿಂದ ಎಲೆಕ್ಟ್ರಾನ್ ಕೀಳುವ ದ್ಯುತಿವಿದ್ಯುತ್ ಪರಿಣಾಮದ ಮುಖ್ಯ ಲಕ್ಷಣಗಳನ್ನು ಫೋಟಾನಿಲ್ಲದೆಯೇ ಪಡೆಯಬಹುದೆಂದು ಲ್ಯಾಂಬ್ ಮತ್ತು ಸ್ಕಲಿ 1969ರಲ್ಲಿ ತೋರಿಸಿದರು. ಮೇಲೆ ಹೇಳಿದ ಬೆಂಜೀನಿನ ಗೆರೆಗಳ ಅಸಮತೆಗೂ ಅಣುವಿನ ಮೆಟ್ಟಿಲುಗಳೇ ಸಾಕು. ಆದರೆ 1977ರಲ್ಲಿ ಕಿಂಬಲ್, ಡಾಜೆನೆ ಮತ್ತು ಮ್ಯಾಂಡೆಲ್, ಪರಮಾಣುವೊಂದು ಸೂಸುವ ಫೋಟಾನುಗಳು ಒಂದರಿಂದೊಂದು ದೂರ ಸರಿದು ಬರುವುದನ್ನು ಕಂಡರು. ಶುದ್ಧ ಅಲೆಯಿಂದ ಇದು ಸಾಧ್ಯವಿಲ್ಲ. 1986ರ ಪ್ರಯೋಗ ಅದನ್ನೇ ಇನ್ನಷ್ಟು ಗಟ್ಟಿಮಾಡಿತು.

ಐದನೆಯದು ಇಂದು ಹೆಚ್ಚಿನ ಭೌತವಿಜ್ಞಾನಿಗಳು ದಿನನಿತ್ಯ ಬಳಸುವ ಕ್ಷೇತ್ರ ಸಿದ್ಧಾಂತ. 1927ರಲ್ಲಿ ಡಿರಾಕ್ ಆರಂಭಿಸಿದ ಇದರಲ್ಲಿ ಮೂಲವಸ್ತು ಕ್ಷೇತ್ರ. ಫೋಟಾನ್ ಎಂದರೆ ಆ ಕ್ಷೇತ್ರದ ಒಂದು ಮೆಟ್ಟಿಲಿನಷ್ಟು ಉದ್ರೇಕ. ಯಾವ ಬೆಳಕನ್ನು ಹಳೆಯ ಅಲೆಯ ಭಾಷೆಯಲ್ಲಿ ಹೇಳಬಹುದು, ಯಾವುದನ್ನು ಹೇಳಲಾಗದು ಎಂಬುದಕ್ಕೆ 1963ರಲ್ಲಿ ಗ್ಲಾಬರ್ ಮತ್ತು ಕೇರಳ ಮೂಲದ ಇ. ಸಿ. ಜಿ. ಸುದರ್ಶನ್ ಗಣಿತದ ಮಾನದಂಡ ಕೊಟ್ಟರು. ಮೊದಲ ಎರಡು ಪ್ರಶ್ನೆಗಳಿಗೆ ಇದು ಒಂದೇ ಬಾಯಲ್ಲಿ ಉತ್ತರಿಸುತ್ತದೆ. ಆದರೆ ಅನೇಕ ಸಾಧ್ಯತೆಗಳಲ್ಲಿ ಒಂದೇ ಫಲಿತಾಂಶ ಏಕೆ ಕಾಣಿಸುತ್ತದೆ ಎಂಬುದನ್ನು ಇದೂ ಹೇಳುವುದಿಲ್ಲ.

ಭಾರತದಿಂದ ಬಂದ ಎರಡು ಪರೀಕ್ಷೆಗಳು

1897ರಲ್ಲಿ ಜಗದೀಶಚಂದ್ರ ಬೋಸ್, ಎರಡು ಪ್ರಿಸಂಗಳ ನಡುವೆ ಗಾಳಿಯ ತೆಳು ಸಂದಿಟ್ಟು, ಪೂರ್ಣವಾಗಿ ಪ್ರತಿಫಲಿಸಬೇಕಾದ ವಿದ್ಯುತ್ಕಾಂತೀಯ ಅಲೆ ಸಂದಿಯನ್ನು ದಾಟಿ ಹೋಗುವುದನ್ನು ಅಳೆದಿದ್ದರು. ಸಂದು ಕಿರಿದಾದಷ್ಟೂ ದಾಟುವ ಪಾಲು ಹೆಚ್ಚು. 1991ರಲ್ಲಿ ಪಾರ್ಥ ಘೋಷ್, ದೀಪಂಕರ್ ಹೋಮ್ ಮತ್ತು ಜಿ. ಎಸ್. ಅಗರ್ವಾಲ್ ಇದೇ ಜೋಡಣೆಗೆ ಒಂಟಿ ಫೋಟಾನುಗಳನ್ನು ಕಳಿಸಿ ನೋಡಬೇಕೆಂದು ಸೂಚಿಸಿದರು. ಸಂದು ದಾಟುವುದು ಅಲೆಯ ಗುಣ. ದಾಟಿದ ಕಡೆ ಅಥವಾ ಪ್ರತಿಫಲಿಸಿದ ಕಡೆ, ಒಂದೇ ಕಡೆ ಪತ್ತೆಯಾಗುವುದು ಕಣದ ಗುಣ. ಎರಡೂ ಒಂದೇ ಜೋಡಣೆಯಲ್ಲಿ ಕಂಡರೆ ಬೋರ್ ಹೇಳಿದ 'ಒಂದನ್ನೊಂದು ಹೊರಗಿಡುವ' ಮಾತು ಏನಾಗುತ್ತದೆ? ಮಿಜೋಬುಚಿ ಮತ್ತು ಓಟಾಕೆ 1992ರಲ್ಲಿ ಜಪಾನಿನಲ್ಲಿ ಪ್ರಯೋಗ ಮಾಡಿ ಎರಡೂ ಕಂಡವೆಂದರು. ಅವರ ಅಂಕಿಸಂಖ್ಯೆ ಸಾಲದೆಂಬ ಆಕ್ಷೇಪ ಭಾರತದಿಂದಲೇ ಎದ್ದಿತು. 2004ರಲ್ಲಿ ಇಟಲಿಯ ತಂಡವೊಂದು ಬೇರೆ ಜೋಡಣೆಯಲ್ಲಿ ಅದೇ ತೀರ್ಮಾನವನ್ನು ಬಲಪಡಿಸಿತು. ಬೋರ್ ಪರ ಇರುವವರ ಉತ್ತರವೂ ಗಟ್ಟಿಯಾಗಿದೆ: ಇಲ್ಲಿ ದಾರಿಯ ತಿಳಿವೂ ವ್ಯತಿಕರಣದ ಸಾಲೂ ಒಟ್ಟಿಗೆ ಸಿಕ್ಕಿಲ್ಲ, ಆದ್ದರಿಂದ ಎಂಗ್ಲರ್ಟನ ಮಿತಿ ಮುರಿದಿಲ್ಲ. ನನ್ನ ಎಣಿಕೆಯಲ್ಲಿ ಈ ಪ್ರಯೋಗ ಕ್ವಾಂಟಮ್ ಲೆಕ್ಕವನ್ನು ಅಲುಗಿಸಲಿಲ್ಲ. ಪೂರಕತೆಯನ್ನು ಪದಗಳಲ್ಲಿ ಹೇಳಿದರೆ ಸಾಲದು, ಅಳತೆಯಲ್ಲಿ ಹೇಳಬೇಕೆಂದು ಸ್ಪಷ್ಟಪಡಿಸಿತು.

ಎರಡನೆಯದು ಬೆಂಗಳೂರಿನದು. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣನ್ ಪಂಚರತ್ನಂ, ಬೆಳಕಿನ ಧ್ರುವೀಕರಣ ಒಂದು ಸುತ್ತು ತಿರುಗಿ ಮೊದಲಿನ ಸ್ಥಿತಿಗೇ ಬಂದರೂ ಅದರ ಹಂತದಲ್ಲಿ (ಅಲೆಯ ಏರಿಳಿತದ ಸ್ಥಾನದಲ್ಲಿ) ಸುತ್ತಿನ ಗುರುತು ಉಳಿಯುತ್ತದೆ ಎಂದು ತೋರಿಸಿದರು. ಅದು ಅಲೆಯ ಕುರಿತ ಶೋಧ. 1991ರಲ್ಲಿ ಕ್ವಿಯಟ್ ಮತ್ತು ಚಿಯಾವ್ ಈ ಬಗೆಯ ಹಂತವನ್ನು ಒಂಟಿ ಫೋಟಾನುಗಳಲ್ಲಿಯೂ ಕಂಡರು. ಅಲೆಯ ಗುರುತು ಒಂಟಿ ಫೋಟಾನಿನಲ್ಲಿಯೂ ಉಳಿಯುತ್ತದೆ ಎಂದು ಇದರ ಅರ್ಥ.

ಹೊಸ ಊಹೆಗಳಿಗೆ ಒರೆಗಲ್ಲು

ಪ್ರತಿ ವರ್ಷ ವಿಜ್ಞಾನ ದಿನ ಬಂದಾಗ ಬೆಳಕಿನ ಬಗ್ಗೆ ಹೊಸ ಸಿದ್ಧಾಂತ ಕಟ್ಟಿದವರ ಮಾತು ಕೇಳಿಬರುತ್ತದೆ: ಬೆಳಕು ಸಾಗಲು ಈಥರ್ ಎಂಬ ಮಾಧ್ಯಮವಿದೆ, ಫೋಟಾನ್ ಸುರುಳಿಯಾಗಿ ಓಡುವ ಕಣ, ಬೆಳಕಿಗೆ ತೂಕವಿದೆ. ಊಹೆ ಮಾಡುವುದು ತಪ್ಪಲ್ಲ. ಪ್ಲಾಂಕ್ ಮತ್ತು ದ ಬ್ರಾಯ್ ಮಾಡಿದ್ದೂ ಊಹೆಯೇ. ಆದರೆ ಊಹೆ ಪರೀಕ್ಷೆಗೆ ಒಡ್ಡಿಕೊಳ್ಳಬೇಕು. ಪ್ಯಾರಿಸ್ಸಿನ ಕೂಡೆ ಮತ್ತು ಫೋರ್ 2006ರಲ್ಲಿ, ಕಂಪಿಸುವ ಎಣ್ಣೆಯ ಮೇಲೆ ಪುಟಿಯುತ್ತ ತನ್ನದೇ ಅಲೆಯ ಮೇಲೆ ಸಾಗುವ ಹನಿ ಸೀಳುಗಂಡಿಯಲ್ಲಿ ವಿವರ್ತನೆ ತೋರುತ್ತದೆ ಎಂದರು. ಬೋಮ್ ಪಂಥದವರಿಗೆ ಅದು ದೊಡ್ಡ ಆಸೆ ಹುಟ್ಟಿಸಿತು. 2015ರಲ್ಲಿ ಡೆನ್ಮಾರ್ಕಿನ ತಂಡವೊಂದು ಮರುಪರೀಕ್ಷಿಸಿದಾಗ ಆ ಸಾಲು ಸಿಗಲಿಲ್ಲ. ಆ ತಂಡದಲ್ಲಿ ನೀಲ್ಸ್ ಬೋರನ ಮೊಮ್ಮಗ ಥಾಮಸ್ ಬೋರ್ ಇದ್ದ. ಫೋಟಾನಿಗೆ ತೂಕವಿದ್ದರೂ ಅದು 10ರ ಮೈನಸ್ 54ನೆಯ ಘಾತದ ಆಸುಪಾಸಿನ ಕಿಲೋಗ್ರಾಂಗಿಂತ ಹೆಚ್ಚಿರಲಾರದು ಎಂದು ಅಳತೆಗಳು ಹೇಳುತ್ತವೆ.

ಇಂದು ಯಾವ ಹೊಸ ಊಹೆಯಾದರೂ ಕನಿಷ್ಠ ಮೂರು ಬಾಗಿಲು ದಾಟಬೇಕು: ಕಾಂಪ್ಟನ್‌ನ 2.43 ಪಿಕೋಮೀಟರ್, 1986ರ ಜೋಡಿ ಫಲಿತಾಂಶ, ಮತ್ತು ಜಾನ್ ಬೆಲ್ 1964ರಲ್ಲಿ ಹಾಕಿದ ಗಡಿಯನ್ನು ಜೋಡಿ ಫೋಟಾನುಗಳು ಮೀರುವುದು. ಆಸ್ಪೆ, ಕ್ಲೌಸರ್ ಮತ್ತು ಜೈಲಿಂಗರ್ ಅವರಿಗೆ 2022ರ ನೊಬೆಲ್ ಬಂದದ್ದು ಈ ಕೊನೆಯ ಬಾಗಿಲಿಗೆ ಸೇರಿದ ಕೆಲಸಕ್ಕೆ. ಫೋಟಾನಿನ ಗುಣಗಳೆಲ್ಲ ಮೊದಲೇ ನಿಗದಿಯಾಗಿದ್ದು, ಬೆಳಕಿನ ವೇಗದೊಳಗೇ ಎಲ್ಲ ಪ್ರಭಾವ ಹರಿಯುತ್ತದೆ ಎನ್ನುವ ಸರಳ ಚಿತ್ರಗಳು ಇಲ್ಲಿ ನಿಲ್ಲುವುದಿಲ್ಲ.

ಇನ್ನೂ ಇತ್ಯರ್ಥವಾಗದ್ದು

ಒಂದು, ಅಳತೆಯ ಪ್ರಶ್ನೆ. ಹರಡಿಕೊಂಡಿದ್ದ ಸಾಧ್ಯತೆ ಒಂದು ಚುಕ್ಕೆಯಾಗುವುದು ಭೌತಿಕ ಘಟನೆಯೋ, ನಮ್ಮ ತಿಳಿವಿನ ಬದಲಾವಣೆಯೋ, ಕವಲೊಡೆಯುವಿಕೆಯೋ? ಪಂಥಗಳೆಲ್ಲ ಒಂದೇ ಅಂಕಿಗಳನ್ನು ಕೊಡುವವರೆಗೆ ಪ್ರಯೋಗ ಇವುಗಳಲ್ಲಿ ಒಂದನ್ನು ಆರಿಸಲಾರದು.

ಎರಡು, ಅಲೆಯ ಲೆಕ್ಕದಿಂದ ಸಂಭವನೀಯತೆಯನ್ನು ಪಡೆಯುವ ಬಾರ್ನ್ ನಿಯಮ ಎಷ್ಟು ನಿಖರ? ಆ ನಿಯಮದಂತೆ ಮೂರು ಸೀಳುಗಂಡಿಗಳಿದ್ದರೂ ವ್ಯತಿಕರಣ ಎರಡೆರಡರ ನಡುವೆ ಮಾತ್ರ. ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು 2010ರಲ್ಲಿ ಕೆನಡಾದಲ್ಲಿ ಇದನ್ನು ಪರೀಕ್ಷಿಸಿ, ಮೂರರ ಪಾಲು ಇದ್ದರೂ ಎರಡರ ಪಾಲಿನ ನೂರರಲ್ಲೊಂದಕ್ಕಿಂತ ಕಡಿಮೆ ಎಂದರು. ಸಿನ್ಹಾ ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಈ ದಿಕ್ಕಿನ ಸಂಶೋಧನೆಯ ಮುಂದಾಳಾದರು. ಮಿತಿಯನ್ನು ಇನ್ನೂ ಬಿಗಿಗೊಳಿಸಬೇಕಿದೆ.

ಮೂರು, ಫೋಟಾನ್ ಎಲ್ಲಿದೆ ಎಂದು ಕೇಳುವುದಕ್ಕೆ ಅರ್ಥವಿದೆಯೇ? ಕ್ಷೇತ್ರವೇ ಮೂಲವಾದರೆ ಇಲ್ಲ. ಬೋಮನ ದಾರಿ ಹಿಡಿದರೆ ಬೇರೆಯೇ ಉತ್ತರ ಬೇಕು.

ನಾಲ್ಕು, ಅಲೆತನ ಎಷ್ಟು ದೊಡ್ಡ ವಸ್ತುವಿನವರೆಗೆ ಉಳಿಯುತ್ತದೆ? 1999ರಲ್ಲಿ 60 ಕಾರ್ಬನ್ ಪರಮಾಣುಗಳ ಅಣುವಿನಲ್ಲಿ, 2019ರಲ್ಲಿ ಸುಮಾರು 2000 ಪರಮಾಣುಗಳ ಅಣುಗಳಲ್ಲಿ ವಿಯೆನ್ನಾದವರು ಅದನ್ನು ಕಂಡಿದ್ದಾರೆ. ತೂಕ ಹೆಚ್ಚಿದಾಗ ಅಲೆ ತಾನಾಗಿ ಕುಸಿಯುತ್ತದೆ ಎನ್ನುವ ಸಿದ್ಧಾಂತಗಳಿವೆ, ಅದರಲ್ಲಿ ಗುರುತ್ವದ ಪಾತ್ರವಿದೆ ಎನ್ನುವವರೂ ಇದ್ದಾರೆ. ಪಂಥಗಳ ನಡುವಿನ ಜಗಳ ಅಂಕಿಗಳ ಜಗಳವಾಗಬಹುದಾದ ಜಾಗ ಇದು. ಆ ಅಣುಗಳಿಗಿಂತ ಸಾವಿರಪಟ್ಟು, ಲಕ್ಷಪಟ್ಟು ಭಾರದ ಕಣದಲ್ಲಿ ವ್ಯತಿಕರಣದ ಸಾಲು ಮೂಡಿದರೆ ತಾನಾಗಿ ಕುಸಿಯುತ್ತದೆ ಎನ್ನುವವರು ಒಂದೊಂದಾಗಿ ಜಾಗ ಕಳೆದುಕೊಳ್ಳುತ್ತಾರೆ. ಹೊರಗಿನ ಯಾವ ಅಡಚಣೆಯೂ ಕಾರಣವಲ್ಲದೆ ಸಾಲು ಅಳಿಸಿಹೋದರೆ, ಉಳಿದ ಪಂಥಗಳೆಲ್ಲ ತಮ್ಮ ಲೆಕ್ಕವನ್ನು ಮೊದಲಿನಿಂದ ತೆರೆಯಬೇಕಾಗುತ್ತದೆ.